ಕುಂಕುಮವಿಟ್ಟ ಬಂದೂಕುಗಳಿಗೆ ವಿಮೆ

ಹೊಸಪೇಟೆ

ನಾನು ಬೆಲ್ಜಿಯಂ ದೇಶಕ್ಕೆ ಹೋದದ್ದು ಮೂರು ಬಂದೂಕುಗಳ ಬೆಲೆ ಕೇಳಿಕೊಂಡು ಬರಲು. ಕಂಪ್ಲಿಯಲ್ಲಿ ಇದನ್ನು ಹೇಳಿದರೆ ಈಗಲೂ ನಗುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಮೊಟ್ಟೆಯನ್ನೂ ಮುಟ್ಟದ ಮನೆಯವಳು, ಹೊಳೆಯ ಸೇತುವೆ ದಾಟಿ ಗಂಗಾವತಿಗೆ ಹೋಗಿಬಂದರೆ ದೊಡ್ಡ ಪ್ರಯಾಣ ಮಾಡಿದೆನೆಂದು ಕಾಲು ಚಾಚಿ ಕೂರುವವಳು ನಾನು.

ಬಂದೂಕುಗಳು ನಮ್ಮ ಯಜಮಾನರವು. ಎರಡು ಜೋಡಿ ನಳಿಗೆಯವು, ಒಂದು ಒಂಟಿ ನಳಿಗೆಯದು. ದೊಡ್ಡ ಜೋಡಿ ನಳಿಗೆ ಅವರ ಅಜ್ಜನ ಕಾಲದ್ದು. ಒಂಟಿ ನಳಿಗೆಯದನ್ನು ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಮ್ಯಾನೇಜರರಾಗಿದ್ದ ಒಬ್ಬರು ನಿವೃತ್ತರಾಗಿ ಊರಿಗೆ ಹೊರಟಾಗ ಕೊಟ್ಟುಹೋಗಿದ್ದರು. ಅದರ ಲೈಸೆನ್ಸನ್ನು ಯಜಮಾನರು ನನ್ನ ಹೆಸರಿಗೆ ಮಾಡಿಸಿದರು. ನಾನು ಅದನ್ನು ಒಮ್ಮೆಯೂ ಹಾರಿಸಿದವಳಲ್ಲ. ಲೈಸೆನ್ಸಿನ ಫೋಟೋದಲ್ಲಿ ಮಾತ್ರ ತಲೆ ತುಂಬ ಸೆರಗು ಹೊದ್ದು, ಯಾರನ್ನೋ ಸುಟ್ಟುಬಿಡುವವಳಂತೆ ನೋಡುತ್ತಿದ್ದೇನೆ.

ಅವರೂ ಯಾವ ಪ್ರಾಣಿಯನ್ನೂ ಕೊಂದವರಲ್ಲ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದಾಗ, ದರೋಜಿ ಕಡೆಯಿಂದ ಕರಡಿ ಇಳಿದು ಬಂದಾಗ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು. "ಕೊಲ್ಲಾಕಲ್ಲ, ಹೇಳಾಕ," ಎನ್ನುತ್ತಿದ್ದರು. ಅವರಿಗೆ ಇಷ್ಟವಾಗಿದ್ದದ್ದು ಬಂದೂಕಿನ ಕೆಲಸ. ಭಾನುವಾರ ಪಡಸಾಲೆಯಲ್ಲಿ ನನ್ನ ಹಳೆಯ ಸೀರೆ ಹಾಸಿ, ಮೂರನ್ನೂ ಬಿಚ್ಚಿ ಎಣ್ಣೆ ಸವರುತ್ತಿದ್ದರು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ. ಮೂರರ ಮೇಲೂ ಒಂದೇ ಊರಿನ ಹೆಸರು ಕೊರೆದಿತ್ತು, ಲಿಯೇಜ್. ಅದರ ಮೇಲೆ ಬೆರಳಾಡಿಸಿ, "ಈ ಊರು ಒಮ್ಮೆ ನೋಡ್ಬೇಕು ನೋಡು," ಎನ್ನುತ್ತಿದ್ದರು. ನಾನು, "ಮೊದ್ಲು ಹಂಪಿಗೆ ಕರ್ಕೊಂಡು ಹೋಗ್ರಿ, ಆಮೇಲೆ ಅದು," ಎನ್ನುತ್ತಿದ್ದೆ.

ಚುನಾವಣೆ ಬಂತೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಊರಲ್ಲಿರುವ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಆಗ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅವು ಮನೆಗೆ ಮರಳುವತನಕ ಊಟ ಸೇರುತ್ತಿರಲಿಲ್ಲ. "ಟ್ರ್ಯಾಕ್ಟರಿಗೆ ವಿಮಾ ಐತಿ, ಎಮ್ಮಿಗೂ ಐತಿ. ಇವಕ್ಕೂ ಒಂದು ಮಾಡಿಸ್ಬೇಕು," ಎಂದು ಪ್ರತಿ ಸಲ ಹೇಳುತ್ತಿದ್ದರು. ಪ್ರತಿ ಸಲ ಮರೆಯುತ್ತಿದ್ದರು. ತಮಗೂ ಮಾಡಿಸಿಕೊಂಡಿರಲಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಒಂದು ವರ್ಷ ಮಹಾನವಮಿ ಕಳೆದು, ಕಬ್ಬು ಕಡಿಯುವ ಹೊತ್ತಿಗೆ ಅವರು ಹೋದರು. ಎದೆ ಹಿಡಿದಂತಾಗುತ್ತದೆ ಎಂದರು, ನೀರು ಕೇಳಿದರು. ನಾನು ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು.

ಬಂದೂಕುಗಳು ಹೊಸಪೇಟೆಯ ಖಾದರ್ ಸಾಹೇಬರ ಅಂಗಡಿ ಸೇರಿದವು. ಲೈಸೆನ್ಸಿದ್ದವರು ತೀರಿಕೊಂಡರೆ ವಾರಸುದಾರರಿಗೆ ಹೊಸ ಲೈಸೆನ್ಸು ಆಗುವವರೆಗೆ ಹೀಗೆ ಬಂದೂಕು ಮಾರುವವರ ವಶದಲ್ಲಿ ಇಡಬೇಕು. ಮನೆಯಲ್ಲಿ ಒಂದೇ ಯಾಕೆಂದು ನನ್ನದನ್ನೂ ಜೊತೆಗೆ ಕಳಿಸಿದೆವು. ನನ್ನ ಮೈದುನ ಬಸವರಾಜನಿಗೆ ಅವನ್ನು ಮಾರಿಬಿಡುವ ಮನಸ್ಸಿತ್ತು. ಅದು ಅದಿರಿನ ಕಾಲ. ಎರಡು ಲಾರಿ ಇಟ್ಟವರು ಹತ್ತು ಲಾರಿ ಮಾಡಿಕೊಂಡಿದ್ದರು, ಹೊಸ ಮನೆ ಕಟ್ಟಿದವರು ಗೋಡೆಗೆ ಹಳೆಯ ಬಂದೂಕು ಹುಡುಕುತ್ತಿದ್ದರು. ಅಂಥವರೊಬ್ಬರು ಮೂರನ್ನೂ ಕೇಳಿದ್ದರು.

"ಅತ್ತಿಗಿ, ಕಳವಾದ್ರ ಏನ್ ಮಾಡ್ತೀರಿ? ಕೇಸ್ ನಮ್ಮ ಮ್ಯಾಲೆ, ವಸ್ತುನೂ ಇಲ್ಲ," ಎಂದ ಬಸವರಾಜ.

"ನಿಮ್ಮಣ್ಣ ವಿಮಾ ಮಾಡಿಸ್ಬೇಕಂತಿದ್ರು. ಮಾಡಿಸೋಣು."

"ಆತು. ವಿಮಾ ಆದ್ರ ಇಟ್ಕೊಳ್ರಿ. ಆಗ್ಲಿಲ್ಲ ಅಂದ್ರ ಕೊಟ್ಟುಬಿಡೋಣು. ಮಾತು?"

ಮಾತು ಎಂದೆ. ವಿಮೆಯ ಕಚೇರಿಯ ಅಧಿಕಾರಿ ಒಳ್ಳೆಯವರು, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆದರೆ ತಲೆಯಾಡಿಸಿದರು.

"ನೋಡ್ರಿ ಅಮ್ಮಾರ, ಟ್ರ್ಯಾಕ್ಟರ್ ಅಂದ್ರ ನಮಗ ರೇಟ್ ಗೊತ್ತೈತಿ. ಎಮ್ಮಿ ಅಂದ್ರ ಡಾಕ್ಟ್ರು ಬರದು ಕೊಡ್ತಾರ. ನಿಮ್ಮವು ಅಜ್ಜನ ಕಾಲದ್ದು ಅಂತೀರಿ. ನಾಳೆ ಕಳವಾತು ಅನ್ರಿ, ಎಷ್ಟು ಕೊಡ್ಬೇಕಂತ ನಾ ಯಾರ್ನ ಕೇಳ್ಲಿ?"

"ಮಾಡಿದವ್ರನ್ನ ಕೇಳ್ರಿ," ಎಂದೆ.

ಅವರು ನಕ್ಕರು. "ಹಂಗಾರ ಕೇಳ್ಕೊಂಡು ಬರ್ರಿ ಮತ್ತ."

ಅವರು ತಮಾಷೆಗೆ ಅಂದದ್ದು. ಆದರೆ ಅದಿರಿನ ಲಾರಿ ಇಟ್ಟಿದ್ದ ಬಸವರಾಜ, ಅದಿರು ಪುಡಿ ಮಾಡುವ ಹಳೆಯ ಕ್ರಷರ್ ಯಂತ್ರವೊಂದನ್ನು ನೋಡಲು ಆ ಲಿಯೇಜ್ ಇರುವ ದೇಶಕ್ಕೇ ಹೊರಟಿದ್ದ. ನಾನೂ ಬರುತ್ತೇನೆ ಎಂದಾಗ ಅವನು ಬೇಡ ಎನ್ನಲಿಲ್ಲ. ಅಣ್ಣ ನೋಡಬೇಕೆಂದಿದ್ದ ಊರು ಅದು ಎಂದು ಅವನಿಗೂ ಗೊತ್ತಿತ್ತು.

ವಿಮಾನ ಇಳಿದ ಮೇಲೆ

ಬಂದೂಕನ್ನಂತೂ ಒಯ್ಯುವಂತಿಲ್ಲ. ಫೋಟೋ ಆಲ್ಬಮ್ ಒಯ್ದೆ. ಅದನ್ನು ಶೇಂಗಾ ಚಟ್ನಿಪುಡಿ ಡಬ್ಬಿ ಮತ್ತು ಖಡಕ್ ರೊಟ್ಟಿಗಳ ನಡುವೆ ಇಟ್ಟಿದ್ದೆ. ಬ್ರಸೆಲ್ಸಿನಲ್ಲಿ ಸಾಮಾನು ತಪಾಸಣೆ ಮಾಡುವವನು ಮೊದಲು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿಂದ ಬಡಿದ. ಆಮೇಲೆ ಆಲ್ಬಮ್ ತೆರೆದ. ಮೊದಲ ಪುಟದಲ್ಲಿ ಮೂರು ಬಂದೂಕು. ಎರಡನೆಯದರಲ್ಲಿ ಮೂರು ಬಂದೂಕು. ಮೂರನೆಯದರಲ್ಲೂ. ಅವನು ಇನ್ನೊಬ್ಬನನ್ನು ಕರೆದ.

ಇಬ್ಬರೂ ಆಲ್ಬಮ್ ಬಿಟ್ಟು ನನ್ನ ಕಡೆ ನೋಡಿದರು. ಬಸವರಾಜ ಮುಂದೆ ಬಂದು, ಗಣಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಸರ್, ದಿಸ್ ಪೂಜಾ. ಪ್ರೇಯರ್," ಎಂದ.

"ನೀವು ಬಂದೂಕಿಗೆ ಪ್ರಾರ್ಥನೆ ಮಾಡುತ್ತೀರಾ?"

"ಓನ್ಲಿ ಒನ್ ಡೇ ಸರ್. ಟ್ರ್ಯಾಕ್ಟರ್ ಆಲ್ಸೊ."

ಪುಟ ತಿರುವಿದರೆ ನಿಜವಾಗಿಯೂ ಟ್ರ್ಯಾಕ್ಟರು, ಮೂತಿಗೆ ಬಾಳೆಕಂಬ ಕಟ್ಟಿಕೊಂಡು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟುಕೊಂಡು ನಿಂತಿತ್ತು. ಅದರ ಮುಂದಿನದರಲ್ಲಿ ಹಿಟ್ಟಿನ ಗಿರಣಿ, ನನ್ನ ಹೊಲಿಗೆ ಯಂತ್ರ, ಈಳಿಗೆಮಣೆ. ಈಳಿಗೆಮಣೆ ನೋಡಿ ಇಬ್ಬರೂ ನಕ್ಕುಬಿಟ್ಟರು. ಚಟ್ನಿಪುಡಿಯನ್ನು ಮಾತ್ರ ಕೊನೆಯವರೆಗೂ ನಂಬಲಿಲ್ಲ. ಮೂಸಿ ನೋಡಿದವನು ಸೀನುತ್ತಲೇ ನಮ್ಮನ್ನು ಕಳಿಸಿದ.

ಲಿಯೇಜ್

ಆ ಊರು ನದಿಯ ಎರಡೂ ದಂಡೆಗೆ ಹರಡಿಕೊಂಡಿದೆ. ನದಿಯ ಹೆಸರು ಮ್ಯೂಸ್. ನಮ್ಮ ತುಂಗಭದ್ರೆಯಂತೆ ಬಂಡೆಗಳ ನಡುವೆ ಜಗಳವಾಡುತ್ತ ಹೋಗುವುದಿಲ್ಲ, ಎರಡು ಕಲ್ಲಿನ ಗೋಡೆಗಳ ನಡುವೆ ಶಾಲೆಯ ಮಕ್ಕಳಂತೆ ಸಾಲಾಗಿ ಹೋಗುತ್ತದೆ. ಅದರ ಮೇಲೆ ಉದ್ದುದ್ದ ದೋಣಿಗಳು ಕಲ್ಲಿದ್ದಲು, ಮರಳು ಹೊತ್ತು ಸದ್ದಿಲ್ಲದೆ ಸಾಗುತ್ತವೆ. "ನೋಡ್ರಿ ಅತ್ತಿಗಿ, ಒಂದು ದೋಣಿಯಾಗ ನಮ್ಮ ನೂರು ಲಾರಿ ಮಾಲು," ಎಂದು ಬಸವರಾಜ ನಿಟ್ಟುಸಿರು ಬಿಟ್ಟ. ಹೊಸಪೇಟೆಯ ದಾರಿಯಲ್ಲಿ ಆಗ ಲಾರಿಗಳ ಸಾಲು ಹೇಗಿತ್ತೆಂದರೆ, ಮದುವೆ ದಿಬ್ಬಣಗಳು ಮುಹೂರ್ತ ತಪ್ಪಿಸಿಕೊಳ್ಳುತ್ತಿದ್ದವು.

ಅಲ್ಲಿ ನಾಯಿಗಳು ಚಹಾದಂಗಡಿಯೊಳಗೆ ಬಂದು ಸಾಕಿದವರ ಕಾಲ ಬಳಿ ಕೂರುತ್ತವೆ, ಯಾರೂ ಹಚಾ ಎನ್ನುವುದಿಲ್ಲ. ಸಂಜೆ ಊಟದ ಹೊತ್ತಾದರೂ ಸೂರ್ಯ ಮುಳುಗುವುದಿಲ್ಲ. ದೀಪ ಹಚ್ಚುವುದು ಯಾವಾಗ ಎಂದು ತಿಳಿಯದೆ ನನಗೆ ಒಂದು ಬಗೆಯ ಕಸಿವಿಸಿ. ರಸ್ತೆಯ ಬದಿಯಲ್ಲಿ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಬೇಯಿಸಿದ ಸಿಹಿ ರೊಟ್ಟಿ ಮಾರುತ್ತಾರೆ, ಮೇಲೆ ಸಕ್ಕರೆ ಕರಗಿ ಗರಿಗರಿ ಆಗಿರುತ್ತದೆ. ನನಗೆ ಬಹಳ ಹಿಡಿಸಿತು. ಪೂರ್ತಿ ತಿಂದು ಕೈ ಒರೆಸಿಕೊಂಡ ಮೇಲೆ ಬಸವರಾಜ, "ಅದ್ರಾಗ ತತ್ತಿ ಇರ್ತೈತ್ರಿ," ಎಂದ.

"ತಿಂದಾದ ಮ್ಯಾಲೆ ಹೇಳ್ತೀಯೇನಲೇ?"

"ಮೊದ್ಲ ಹೇಳಿದ್ರ ತಿಂತಿದ್ರೇನು?"

ಯಜಮಾನರು ಇದ್ದಿದ್ದರೆ ಈ ಮಾತನ್ನು ವರ್ಷವಿಡೀ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಕ್ರಷರ್ ಮಾರುವವರು ವಿಳಾಸ ಕೊಟ್ಟಿದ್ದ, ಬೆಲೆ ಹೇಳುವವರ ಅಂಗಡಿ ಏರುದಾರಿಯ ಓಣಿಯಲ್ಲಿತ್ತು. ವಯಸ್ಸಾದ ಹೆಂಗಸು, ಎಲ್ಲರೂ ಮದಾಮ್ ಜಾನೆತ್ ಎಂದು ಕರೆಯುತ್ತಿದ್ದರು. ಬಂದೂಕಿನ ಉಕ್ಕಿನ ಮೇಲೆ ಚಿತ್ರ ಕೊರೆಯುವುದು ಅವರ ಕಸುಬು. ಹಳೆಯ ಬಂದೂಕುಗಳನ್ನು ಪರೀಕ್ಷಿಸಿ ವಿಮೆಯವರಿಗೆ ಬೆಲೆ ಬರೆದುಕೊಡುವುದೂ ಇತ್ತು. ಇಂಗ್ಲಿಷ್ ಅವರಿಗೆ ನನ್ನಷ್ಟೇ ಬರುತ್ತಿತ್ತು. ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಅವರ ಮೇಜಿನ ಮೇಲೆ ಅರ್ಧ ಕೊರೆದ ಒಂದು ಉಕ್ಕಿನ ತಗಡು. ಓಡುವ ಜಿಂಕೆ, ಹಿಂದೆ ನಾಯಿ, ಅದರ ಹಿಂದೆ ಮನುಷ್ಯ. ಹಂಪಿಯ ಮಹಾನವಮಿ ದಿಬ್ಬದ ಸುತ್ತ ಕಲ್ಲಿನಲ್ಲಿ ಹೀಗೇ ಇದೆ. ಕೊನೆಗೂ ನನ್ನನ್ನು ಹಂಪಿಗೆ ಕರೆದೊಯ್ದ ದಿನ ಯಜಮಾನರು ಗುಡಿಗಳನ್ನೆಲ್ಲ ಬೇಗ ಮುಗಿಸಿ, ಆ ದಿಬ್ಬದ ಕೆಳಗೆ ಬಿಸಿಲಲ್ಲಿ ನಿಂತುಬಿಟ್ಟಿದ್ದರು. "ಈ ಜಿಂಕಿ ನೋಡು, ಇಷ್ಟು ವರ್ಷ ಆತು, ಇನ್ನೂ ಸಿಕ್ಕಿಲ್ಲ," ಎಂದಿದ್ದರು. ಬರುವಾಗ ಕಡ್ಡಿರಾಂಪುರದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ನಾನು ಅದನ್ನು ನೆನೆಯುತ್ತ ಆ ತಗಡನ್ನೇ ನೋಡುತ್ತಿದ್ದೆ. ಮದಾಮರೂ ಬಸವರಾಜನೂ ಆಲ್ಬಮ್ ಮೇಲೆ ಬಾಗಿ ಮಾತಾಡುತ್ತಿದ್ದರು.

ಮದಾಮರು ಕನ್ನಡಕದ ಮೇಲೆ ಇನ್ನೊಂದು ಗಾಜು ಹಿಡಿದು ಪುಟ ಪುಟ ತಿರುವಿದರು. ಎಲ್ಲದರಲ್ಲೂ ಚೆಂಡುಹೂವಿನ ಹಾರ. ನಂಬರು ಇರುವಲ್ಲಿ ಹೂವು, ಚಿತ್ರ ಇರುವಲ್ಲಿ ಹೂವು, ಊರಿನ ಹೆಸರಿರುವಲ್ಲಿ ಊದುಬತ್ತಿಯ ಹೊಗೆ. ಮೂರೂ ಬಂದೂಕು ಒಟ್ಟಿಗೆ ಗೋಡೆಗೆ ಒರಗಿ ನಿಲ್ಲುವುದು ಆಯುಧಪೂಜೆಯ ದಿನ ಮಾತ್ರ, ಫೋಟೋ ತೆಗೆಯುವುದೂ ಆ ದಿನ ಮಾತ್ರ. ಇಷ್ಟು ದೂರ ಬರುವಾಗ ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮದುಮಗನ ಮುಖ ನೋಡಲು ಬಂದವರಿಗೆ ಬಾಸಿಂಗದ ಫೋಟೋ ತೋರಿಸಿದಂತಾಗಿತ್ತು.

"ಬಹಳ ಸುಂದರ," ಎಂದರು ಮದಾಮ್. "ಆದರೆ ಬಂದೂಕು ಎಲ್ಲಿ?"

ಪ್ರತಿಯೊಂದು ಫೋಟೋದ ಅಂಚಿನಲ್ಲಿ ಆರತಿ ತಟ್ಟೆ ಹಿಡಿದ, ಬಳೆ ತೊಟ್ಟ ನನ್ನ ಕೈ ಇತ್ತು. ಮದಾಮರು ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಮಾಲೀಕರ ಹೆಸರೇನು ಎಂದು ಕೇಳಿದರು. ಬಸವರಾಜ ಆಗ ಫೋನು ಹಿಡಿದು ಬಾಗಿಲ ಹೊರಗೆ ಹೋಗಿದ್ದ. ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅವರ ಕೈಯಿಂದ ಪೆನ್ಸಿಲ್ ಇಸಿದುಕೊಂಡು ಬರೆದು ತೋರಿಸಿದೆ.

ಕಪ್ಪು ಗುಡ್ಡ

ಮಧ್ಯಾಹ್ನ ಮದಾಮರು ಅಂಗಡಿ ಮುಚ್ಚಿ ನಮ್ಮನ್ನು ತಮ್ಮ ಸಣ್ಣ ಕಾರಿನಲ್ಲಿ ಊರಾಚೆ ಕರೆದುಕೊಂಡು ಹೋದರು. ಗಣಿಯವನು ಎಂದು ತಿಳಿದು ಬಸವರಾಜನಿಗೆ ತಮ್ಮ ಊರಿನ ಗಣಿ ತೋರಿಸಬೇಕೆಂದು ಅವರಿಗೆ ಆಸೆ. ತೋರಿಸಿದ್ದು ಒಂದು ಗುಡ್ಡ. ಮೇಲೆಲ್ಲ ಬಿಳಿ ತೊಗಟೆಯ ತೆಳ್ಳಗಿನ ಮರಗಳು, ಹಕ್ಕಿ, ಕಾಲುದಾರಿ. ಅರ್ಧ ಹತ್ತಿದ ಮೇಲೆ ಅವರು ಚಪ್ಪಲಿಯ ತುದಿಯಿಂದ ನೆಲ ಕೆದಕಿದರು. ಅಡಿಯಲ್ಲಿ ಕಪ್ಪು. ಅದು ದೇವರು ಮಾಡಿದ ಗುಡ್ಡವಲ್ಲ, ಕಲ್ಲಿದ್ದಲು ತೆಗೆದು ಬಿಸಾಡಿದ ಕಸ. ಅವರ ತಂದೆಯ ಕಾಲದಲ್ಲಿ ಅದರಿಂದ ಹೊಗೆ ಬರುತ್ತಿತ್ತಂತೆ, ಒಣಹಾಕಿದ ಬಟ್ಟೆ ಬೆಳ್ಳಗೆ ಇರುತ್ತಿರಲಿಲ್ಲವಂತೆ. ಗಣಿಗಳು ಮುಚ್ಚಿದವು, ಜನ ಹೋದರು, ಮರ ಬಂದವು.

ಬಸವರಾಜ ಬಗ್ಗಿ ಆ ಕಪ್ಪನ್ನು ಬೆರಳಲ್ಲಿ ತಿಕ್ಕಿ ನೋಡಿದ. "ನಮ್ಮ ಸಂಡೂರು ಗುಡ್ಡನೂ ಹಿಂಗ ಆಗ್ತಾವೇನ್ರಿ ಅತ್ತಿಗಿ?"

"ಅವು ಮೊದ್ಲ ಹಿಂಗ ಇದ್ದವು," ಎಂದೆ.

ಮದುವೆಯಾದ ವರ್ಷ ಮಳೆಗಾಲದ ಕೊನೆಗೆ ಯಜಮಾನರು ನನ್ನನ್ನು ಜೀಪಿನಲ್ಲಿ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಕರೆದೊಯ್ದಿದ್ದರು. ದಾರಿಯುದ್ದಕ್ಕೂ ಹಸಿರು, ಮೋಡ ಜೀಪಿನೊಳಗೆ ಬಂದು ಹೋಗುತ್ತಿತ್ತು. ನನಗೆ ಚಳಿಯಾಗಿ ಅವರ ಟವೆಲ್ ಹೊದ್ದುಕೊಂಡಿದ್ದೆ. ಈಗ ಅದೇ ದಾರಿಯಲ್ಲಿ ಎಲೆ, ಎಮ್ಮೆ, ಹಾಲು ಮಾರುವವನ ರೆಪ್ಪೆ ಎಲ್ಲ ಕೆಂಪು. ನಾನು ಇದನ್ನು ಬಸವರಾಜನಿಗೆ ಹೇಳಲಿಲ್ಲ. ಅವನ ಲಾರಿಗಳೂ ಆ ದಾರಿಯಲ್ಲೇ ಓಡುತ್ತಿದ್ದವು, ನಾನು ಬಂದ ವಿಮಾನದ ಟಿಕೆಟ್ಟೂ ಆ ದೂಳಿನಿಂದಲೇ ಬಂದದ್ದು.

ಗುಡ್ಡ ಇಳಿಯುವಾಗ ಅವನು ಸಹಜವಾಗಿ ಹೇಳಿದ. "ಚಿಂತಿ ಬ್ಯಾಡ್ರಿ. ನಂಬರು, ನಳಿಗಿ ಅಡಿಗಿನ ಗುರುತು ಎಲ್ಲಾ ಬೇಕಂತ ಈಯಮ್ಮಗ. ಖಾದರ್ ಸಾಹೇಬ್ರಿಗೆ ಫೋನ್ ಹಚ್ಚಿ ಹೇಳೀನಿ. ಮೂರೂ ಬಿಚ್ಚಿ, ಸ್ವಚ್ಛ ಒರೆಸಿ, ಪಾಲಿಶ್ ಹೊಡದು ಫೋಟೋ ತಗದು ಈಮೇಲ್ ಮಾಡ್ರಿ ಅಂತ."

"ಒರೆಸಾಕ ಹೇಳಿದ್ಯಾ?"

"ಹೂಂ. ಆ ಕುಂಕುಮ ಗಿಂಕುಮ ಎಲ್ಲಾ."

ನಾನು ಅಲ್ಲೇ ಕಪ್ಪು ನೆಲದ ಮೇಲೆ ಕೂತುಬಿಟ್ಟೆ.

ಬೇರೆ ಮನೆಗಳಲ್ಲಿ ಆಯುಧಪೂಜೆಯಂದು ಬಂದೂಕಿನ ನಳಿಗೆಗೇ ಕುಂಕುಮ ಬಳಿಯುತ್ತಾರೆ. ನಮ್ಮ ಯಜಮಾನರು ಬಿಡುತ್ತಿರಲಿಲ್ಲ. "ಕಬ್ಬಿಣಕ್ಕ ಹಚ್ಚಬಾರ್ದು, ತುಕ್ಕು ಹಿಡಿತೈತಿ," ಎಂದು ಹಿಂಬದಿಯ ಕಟ್ಟಿಗೆಗೆ ಮಾತ್ರ ಇಡುತ್ತಿದ್ದರು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಉಂಗುರದ ಬೆರಳಿಂದ ಒಂದೇ ಒಂದು ಬೊಟ್ಟು. ಅದನ್ನು ಒರೆಸುತ್ತಿರಲಿಲ್ಲ. ವರ್ಷವಿಡೀ ಅದು ಅಲ್ಲೇ ಇದ್ದು ಕಪ್ಪುಗೆಂಪಾಗಿ ಕಟ್ಟಿಗೆಯೊಳಗೆ ಇಳಿಯುತ್ತಿತ್ತು. ಮುಂದಿನ ಮಹಾನವಮಿಯ ಬೆಳಗ್ಗೆ ತಾವೇ ಕೊಬ್ಬರಿಎಣ್ಣೆಯಿಂದ ತೆಗೆದು ಹೊಸದನ್ನು ಇಡುತ್ತಿದ್ದರು. ಈಗ ಖಾದರ್ ಸಾಹೇಬರ ಅಂಗಡಿಯಲ್ಲಿದ್ದ ಮೂರು ಬೊಟ್ಟುಗಳು ಅವರು ಕೊನೆಯ ಸಲ ಇಟ್ಟವು. ಅವರ ಬಟ್ಟೆಗಳನ್ನು ಬಳಗದವರು ಹಂಚಿಕೊಂಡಿದ್ದರು, ಚಪ್ಪಲಿ ಸುಡುಗಾಡಿನ ದಾರಿಯಲ್ಲಿ ಬಿಟ್ಟಾಗಿತ್ತು. ಬೆರಳಿನ ಗುರುತು ಎಂದು ಉಳಿದದ್ದು ಅಷ್ಟೆ. ಅವನ್ನು ಕಳೆದುಕೊಳ್ಳಬಾರದೆಂದೇ ನಾನು ವಿಮೆ ವಿಮೆ ಎಂದು ಪರದೇಶದವರೆಗೆ ಬಂದಿದ್ದೆನೆಂದು ನನಗೆ ಗೊತ್ತಾದದ್ದೂ ಆಗಲೇ.

ಮುಂದೆ ಇಳಿದಿದ್ದ ಬಸವರಾಜ ಹಿಂತಿರುಗಿ ಬಂದ. "ಅವು ನಿಮ್ಮಣ್ಣ ಇಟ್ಟಿದ್ದು," ಎಂದೆ. ಅವನು ಫೋನ್ ಹಚ್ಚಿದ. ಅದರಲ್ಲಿ ಹಣ ಮುಗಿದಿತ್ತು. ಮುಗಿಯದಿದ್ದರೂ ಹೊಸಪೇಟೆಯಲ್ಲಿ ಆಗ ಅಂಗಡಿ ಮುಚ್ಚುವ ಹೊತ್ತು ಮೀರಿತ್ತು, ಸಾಹೇಬರ ಮನೆಯ ನಂಬರು ನಮ್ಮಿಬ್ಬರಲ್ಲೂ ಇರಲಿಲ್ಲ.

ಫೋನಿನ ಅಂಗಡಿ

ಮರುದಿನ ಬೆಳಗ್ಗೆ ರೈಲು ನಿಲ್ದಾಣದ ಹಿಂದೆ ಪರದೇಶಕ್ಕೆ ಮಾತಾಡುವ ಅಂಗಡಿ ಸಿಕ್ಕಿತು. ನಮ್ಮ ಎಸ್‌ಟಿಡಿ ಬೂತಿನಂತೆಯೇ ಮರದ ಸಣ್ಣ ಗೂಡುಗಳು. ಒಂದರಲ್ಲಿ ಯಾರೋ ಆಫ್ರಿಕಾದ ತಾಯಿ ನಗುತ್ತಿದ್ದಳು, ಇನ್ನೊಂದರಲ್ಲಿ ಯಾರೋ ಅಳುತ್ತಿದ್ದರು. ಅಂಗಡಿಯವನು ಮೊರಾಕೋ ದೇಶದವನು. ನನ್ನ ಮುಖ ನೋಡಿ ಏನೂ ಕೇಳದೆ ಒಂದು ಲೋಟ ಪುದೀನ ಚಹಾ ಕೊಟ್ಟ.

"ಹಲೋ, ಖಾದರ್ ಸಾಹೇಬ್ರಾ? ನಾ ಕಂಪ್ಲಿಯಾಕಿ ಮಾತಾಡೋದು."

"ಅರೆ, ಅಮ್ಮಾರ! ಅಲ್ಲಿಂದ ಮಾತಾಡ್ತೀರಿ? ಸಲಾಂ ಸಲಾಂ. ಭಾಳ ಚಳಿ ಐತೇನ್ರಿ?"

"ಬಂದೂಕು ಒರೆಸೀರೇನ್ರಿ?"

"ಅದ ಹೇಳಬೇಕಂತ ಮಾಡಿದ್ದೆ. ಬಸಣ್ಣ ಜಲ್ದಿ ಅಂದ್ರು. ನಿನ್ನೆ ಸಂಜಿಮುಂದ ಒಂಟಿ ನಳಗೀದು ತಗೊಂಡು ಮಸ್ತ್ ಪಾಲಿಶ್ ಹೊಡದೆ. ದೊಡ್ಡದು ಕೈಯಾಗ ಹಿಡ್ದೆ, ಕರೆಂಟ್ ಹೋತು, ಪಾಲಿಶ್ ಮಷೀನ್ ಬಂದ್ ಆತು. ಹೋಗಿದ್ದು ಈಗ ಬಂತು ನೋಡ್ರಿ. ಮಾಫ್ ಮಾಡ್ರಿ, ಒಂದ ಆಗೇತಿ. ಉಳದೆರಡು ಈಗ ಹಿಡಿತೀನಿ."

"ಬ್ಯಾಡ್ರಿ!" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಗೂಡಿನಲ್ಲಿ ಅಳುತ್ತಿದ್ದವರೂ ಒಂದು ಕ್ಷಣ ನಿಲ್ಲಿಸಿದರು. "ಕಬ್ಬಿಣ ಬಿಚ್ಚಿ ಫೋಟೋ ತಗೀರಿ. ಕಟ್ಟಿಗಿ ಮುಟ್ಟಬ್ಯಾಡ್ರಿ."

ಆ ಕಡೆ ಸಾಹೇಬರು ಏನನ್ನೋ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮೆಲ್ಲಗೆ, "ಹೂಂ ತಾಯಿ. ನನ್ನ ತಲಿಗೆ ಹೊಳೀಲಿಲ್ಲ. ಅವರು ಇಟ್ಟಿದ್ದಲ್ಲೇನ್ರಿ," ಎಂದರು.

ಹೊಸಪೇಟೆಯ ಪಕ್ಕದಲ್ಲೇ ಅಣೆಕಟ್ಟು, ಅದರ ಬುಡದಲ್ಲೇ ವಿದ್ಯುತ್ ಮಾಡುವ ಮನೆ. ಆದರೂ ದಿನಾ ಸಂಜೆ ಕರೆಂಟ್ ಹೋಗುತ್ತದೆಂದು ನಾವು ವರ್ಷಗಟ್ಟಲೆ ಬೈದಿದ್ದೇವೆ. ಅವತ್ತಿನಿಂದ ನಾನು ಬೈಯುವುದನ್ನು ಬಿಟ್ಟೆ.

ಎರಡು ಉಂಗುರ

ಫೋಟೋಗಳು ಆ ಮಧ್ಯಾಹ್ನವೇ ಬಂದವು. ಮದಾಮರ ಕಂಪ್ಯೂಟರಿನಲ್ಲಿ ಅವು ಮೇಲಿನಿಂದ ಕೆಳಕ್ಕೆ, ಪರದೆ ಇಳಿಯುವಂತೆ ನಿಧಾನ ತೆರೆದುಕೊಂಡವು. ಮೊದಲು ಒಂಟಿ ನಳಿಗೆಯದು. ಅಂಗಡಿಯಲ್ಲಿ ಮಾರಲು ಇಟ್ಟ ಯಾರದೋ ಬಂದೂಕಿನಂತೆ ಹೊಳೆಯುತ್ತಿತ್ತು. ಅದೇ ನನ್ನ ಹೆಸರಿನದು. ಕಟ್ಟಿಗೆಯ ಮೇಲೆ ಬೊಟ್ಟಿರಲಿಲ್ಲ. ನಳಿಗೆಯ ಅಡಿಯ ಗುರುತು ನೋಡಿ ಮದಾಮರು ಸಂತೋಷಪಟ್ಟರು. ತಮ್ಮ ಊರಿನಲ್ಲಿ ಯಾವ ಬಂದೂಕೂ ಪರೀಕ್ಷೆಯಾಗದೆ ಹೊರಗೆ ಹೋಗುವುದಿಲ್ಲ, ಇದು ಆ ಪರೀಕ್ಷೆಯ ಮುದ್ರೆ ಎಂದರು.

ಆಮೇಲೆ ಅಜ್ಜನ ಜೋಡಿ ನಳಿಗೆ ಬಂತು. ಕಟ್ಟಿಗೆಯ ಮೇಲೆ, ಕೆನ್ನೆ ತಾಗುವ ಜಾಗಕ್ಕಿಂತ ತುಸು ಕೆಳಗೆ, ಆ ಬೊಟ್ಟು. ಪರದೆಯಲ್ಲಿ ದೊಡ್ಡದಾಗಿ ಕಂಡಾಗ ಒಂದು ಬದಿ ದಪ್ಪ, ಒಂದು ಬದಿ ತೆಳು. ಅವರು ಬೆರಳನ್ನು ಹಾಗೇ, ಸ್ವಲ್ಪ ಹೊರಳಿಸಿ ಒತ್ತುತ್ತಿದ್ದರು.

"ಇದು ಪೂಜೆಯ ಬಣ್ಣವೇ?" ಎಂದರು ಮದಾಮ್. ಆಲ್ಬಮನ್ನು ಮತ್ತೆ ತೆರೆದು ಒಂದೊಂದೇ ವರ್ಷ ನೋಡಿದರು. "ಯಾವ ವರ್ಷವೂ ಉಕ್ಕಿನ ಮೇಲೆ ಇಲ್ಲ. ಇವರಿಗೆ ಬಂದೂಕು ಗೊತ್ತಿತ್ತು." ಆಮೇಲೆ ಒಂದು ಕತೆ ಹೇಳಿದರು. ಅವರ ಕಡೆ ಬೇಟೆಗಾರರಿಗೆ ಒಬ್ಬ ಸಂತನಿದ್ದಾನೆ, ಅವನ ಹಬ್ಬದ ದಿನ ಪಾದ್ರಿ ನಾಯಿಗಳಿಗೆ, ರೊಟ್ಟಿಗೆ ಮಂತ್ರದ ನೀರು ಚಿಮುಕಿಸುತ್ತಾರೆ. ಅವರ ತಂದೆ ಒಮ್ಮೆ ಬಂದೂಕನ್ನೂ ಒಯ್ದಿದ್ದರಂತೆ. ನೀರು ಬಿದ್ದ ಕೂಡಲೇ ಕರವಸ್ತ್ರ ತೆಗೆದು ಒರೆಸಿಬಿಟ್ಟರಂತೆ, ಪಾದ್ರಿಯ ಮುಂದೆಯೇ. "ಅಪ್ಪನಿಗೆ ದೇವರ ಮೇಲೆ ಭಕ್ತಿ ಇತ್ತು. ತುಕ್ಕಿನ ಭಯ ಅದಕ್ಕಿಂತ ಜಾಸ್ತಿ ಇತ್ತು."

ನಾನು ನಕ್ಕೆ. ಯಜಮಾನರು ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಪೆನ್ನು ತೆರೆದು ಅವರು ಕೇಳಿದರು. "ಕಲೆ ತೆಗೆದು ಕಟ್ಟಿಗೆಗೆ ಹೊಸ ಎಣ್ಣೆ ಕೊಟ್ಟರೆ ಬೆಲೆ ಹೆಚ್ಚು ಬರೆಯಬಹುದು. ಇದ್ದರೆ ಕಡಿಮೆ. ಏನು ಮಾಡಲಿ?"

ಬಸವರಾಜ ನನ್ನ ಕಡೆ ನೋಡಲಿಲ್ಲ. ಕಪ್ಪು ಗುಡ್ಡದಿಂದ ಇಳಿದ ಮೇಲೆ ಅವನು ನನ್ನ ಕಣ್ಣು ತಪ್ಪಿಸುತ್ತಲೇ ಇದ್ದ. "ಕಮ್ಮಿ ಬರೀರಿ ಮೇಡಂ. ಲೆಸ್. ಪರವಾಗಿಲ್ಲ," ಎಂದ.

ಮದಾಮರು ಬರೆಯುವಾಗ ನಾನು ಅವರ ಕೈ ನೋಡುತ್ತಿದ್ದೆ. ಒಂದೇ ಬೆರಳಲ್ಲಿ ಎರಡು ಉಂಗುರ. ಒಂದು ಸರಿಯಾಗಿ ಕೂತಿತ್ತು, ಇನ್ನೊಂದು ಅಗಲವಾಗಿ ಸಡಿಲವಾಡುತ್ತಿತ್ತು. ನಾನು ನೋಡುವುದನ್ನು ಅವರು ನೋಡಿದರು. "ಇದು ನನ್ನದು. ಇದು ಅವನದು," ಎಂದರು. ಅವರ ಕಡೆ ಗಂಡ ಹೋದರೆ ಹೆಂಗಸರು ಉಂಗುರ ತೆಗೆಯುವುದಿಲ್ಲ, ಅವನದನ್ನೂ ಸೇರಿಸಿ ಹಾಕಿಕೊಳ್ಳುತ್ತಾರಂತೆ. ನನ್ನ ಬೋಳು ಹಣೆ, ಬೋಳು ಕೈ ನೋಡಿ ಅವರು ಮತ್ತೆ ಕಾಗದದ ಕಡೆ ಬಾಗಿದರು.

ಬರೆದದ್ದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದರು. ತಯಾರಕರು, ನಂಬರು, ನಳಿಗೆ, ಬೆಲೆ. ಕೊನೆಯಲ್ಲಿ, ಹಿಡಿಯ ಕಟ್ಟಿಗೆಯ ಮೇಲೆ ಒಂದು ಕೆಂಪು ಗುರುತು, ಮಾಲೀಕರು ಇಟ್ಟದ್ದು, ತೆಗೆಯತಕ್ಕದ್ದಲ್ಲ.

ಕಂಪ್ಲಿ

ವಿಮೆಯ ಅಧಿಕಾರಿ ಆ ಕಾಗದವನ್ನು ಎರಡು ಸಲ ಓದಿ, ನಿಜಕ್ಕೂ ಹೋಗಿಬಂದಿರಾ ಎಂಬಂತೆ ನನ್ನನ್ನು ನೋಡಿದರು. ಮತ್ತೆ ಚಹಾ ತರಿಸಿದರು.

"ಒಂದು ಮಾತು ಅಮ್ಮಾರ. ಕಳವಾದ್ರ, ಸುಟ್ಟ್ರ ನಾವು ಕೊಡ್ತೀವಿ. ಈ ಕೆಂಪು ಗುರುತು ಅಳಿಸಿಹೋತು ಅಂತ ಬಂದ್ರ ನಾವು ಜವಾಬ್ದಾರಿ ಅಲ್ಲ."

"ಅಲ್ರಿ. ಅದು ನಂದು," ಎಂದೆ.

ಉಳಿದೆರಡರ ಲೈಸೆನ್ಸೂ ನನ್ನ ಹೆಸರಿಗೆ ಆಗಿ, ಬಂದೂಕುಗಳು ಮನೆಗೆ ಬರುವ ಹೊತ್ತಿಗೆ ಮಹಾನವಮಿ ಬಂದಿತ್ತು. ಬಸವರಾಜ ಕ್ರಷರ್ ಕೊಳ್ಳಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಅವನು ಲಾರಿಗಳಿಗೆ, ಟ್ರ್ಯಾಕ್ಟರಿಗೆ ಪೂಜೆ ಮುಗಿಸಿ ಪಡಸಾಲೆಗೆ ಬಂದ. ಮೂರು ಬಂದೂಕು ಗೋಡೆಗೆ ಒರಗಿ ನಿಂತಿದ್ದವು. ನಾನು ಹಿಂದೆ ಕಂಬದ ಬಳಿ ಇದ್ದೆ. ಆ ವರ್ಷ ನಾನು ಹತ್ತಿರ ಹೋದರೆ ಹೆಂಗಸರು ಕುಂಕುಮದ ಬಟ್ಟಲನ್ನು ಮೆಲ್ಲಗೆ ಅತ್ತ ಸರಿಸುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಕೈಗೆ ರೂಢಿ.

ಬಸವರಾಜ ಬಟ್ಟಲು ತೆಗೆದುಕೊಂಡು ನೇರ ನನ್ನ ಹತ್ತಿರ ಬಂದ. "ಅತ್ತಿಗಿ, ಹಿಡೀರಿ."

ಯಜಮಾನರ ಸೋದರತ್ತೆ ಒಳಗಿನಿಂದ, "ಏನಲೇ ಬಸ್ಯಾ, ತಲಿ ಕೆಟ್ಟೈತೇನು? ನೀ ಇಡು," ಎಂದರು.

"ಟ್ರ್ಯಾಕ್ಟರ್ ನಂದು, ನಾ ಇಟ್ಟೀನಿ. ಬಂದೂಕು ಇವರ ಹೆಸರಿಗೆ ಐತಿ. ಮಾಲೀಕರು ಇಡೋ ಗುರುತು ಅಂತ ಕಾಗದದಾಗ ಬರದೈತಿ. ವಿಮಾದವ್ರು ಒಪ್ಯಾರ, ನೀ ಒಪ್ಪಂಗಿಲ್ಲೇನತ್ತಿ?"

ವಿಮೆಯವರು ಒಪ್ಪಿದ್ದಾರೆ ಎಂದ ಮೇಲೆ ಅತ್ತೆ ಸೊಂಟದ ಚೀಲದಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಬಟ್ಟಲಲ್ಲಿ ಎಣ್ಣೆ ಹಾಕಿ ಕಲಸಿದ ಕುಂಕುಮ. ಮೊದಲು ಒಂಟಿ ನಳಿಗೆಯದಕ್ಕೆ ಇಟ್ಟೆ. ಪಾಲಿಶ್ ಮಾಡಿದ ಬರಿದಾದ ಕಟ್ಟಿಗೆಯ ಮೇಲೆ ನನ್ನದು ಒಂದೇ. ಉಳಿದೆರಡರಲ್ಲಿ, ಅವರು ಪ್ರತಿ ವರ್ಷ ತೆಗೆಯುತ್ತಿದ್ದ ಹಳೆಯ ಬೊಟ್ಟನ್ನು ನಾನು ಒರೆಸಲಿಲ್ಲ. ಕಪ್ಪುಗೆಂಪಾದ ಅವರ ಬೊಟ್ಟಿನ ಪಕ್ಕದಲ್ಲಿ, ತಾಗುವಂತೆ, ನನ್ನದನ್ನು ಇಟ್ಟೆ. ಆಮೇಲೆ ಮೂರಕ್ಕೂ ಚೆಂಡುಹೂವಿನ ಹಾರ ಹಾಕಿ ಆರತಿ ತಟ್ಟೆ ಹಿಡಿದೆ.

ಬಸವರಾಜ ಕ್ಯಾಮೆರಾ ಕಣ್ಣಿಗೆ ಹಿಡಿದ. "ಅತ್ತಿಗಿ, ಹೂವ ಸ್ವಲ್ಪ ಸರಸ್ರಿ. ನಂಬರ್ ಕಾಣವಲ್ದು. ನಾಳೆ ವಿಮಾದವ್ರು ಕೇಳಿದ್ರ?"

"ಇರ್ಲಿ ತಗೀಯಪ್ಪ," ಎಂದೆ. ಹೂವು ಹಾಗೇ ಇತ್ತು.